ಕಬ್ಬು ಕೊಟ್ಟವರಿಗೂ ಪೆಟ್ರೋಲ್ ಹಾಕಿಸುವವರಿಗೂ ಲೆಕ್ಕ ತೋರಿಸಿ: ಪೆಟ್ರೋಲಿಯಂ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಪೆಟ್ರೋಲಿಯಂ ಸಚಿವರಿಗೆ, ತೈಲ ಕಂಪನಿಗಳ ಅಧಿಕಾರಿಗಳಿಗೆ, ಜೊತೆಗೆ ನಮ್ಮ ರಾಜ್ಯದ ಸಕ್ಕರೆ ಸಚಿವರಿಗೆ,

ನಮಸ್ಕಾರ.

ನಾನು ಮಂಡ್ಯದವನು. ಪೇಟೆಯಲ್ಲಿ ಒಂದು ಚಿಕ್ಕ ಬೈಕ್ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಊರಲ್ಲಿ ವಿಶ್ವೇಶ್ವರಯ್ಯ ನಾಲೆ ನೀರಿನಲ್ಲಿ ಮನೆಯವರು ಕಬ್ಬು ಬೆಳೆಯುತ್ತಾರೆ. ಪೆಟ್ರೋಲ್‌ಗೆ ಸೇರಿಸುವ ಎಥನಾಲ್ ನಮ್ಮ ಗದ್ದೆಯಿಂದ ಹೋಗುತ್ತದೆ. ಎಥನಾಲ್ ಅಂದರೆ ಕಬ್ಬು, ಧಾನ್ಯದಿಂದ ಮಾಡುವ ಸ್ಪಿರಿಟ್. ಪೆಟ್ರೋಲ್‌ನಲ್ಲಿ ಅದು ನೂರಕ್ಕೆ 20 ಭಾಗ ಇದ್ದರೆ ಇ20, 10 ಇದ್ದರೆ ಇ10 ಅನ್ನುತ್ತಾರೆ, ಈಗ ಬಂಕ್‌ಗಳಲ್ಲಿ ಸಿಗುವುದು ಇ20. ಅದೇ ಎಥನಾಲ್ ಸೇರಿದ ಪೆಟ್ರೋಲ್ ಹಾಕಿಸಿಕೊಂಡ ಗಾಡಿಗಳು ನನ್ನ ಹತ್ತಿರ ರಿಪೇರಿಗೆ ಬರುತ್ತವೆ. ಈ ವಿಷಯದ ಎರಡೂ ತುದಿ ನೋಡಿರುವುದರಿಂದ ಬರೆಯುತ್ತಿದ್ದೇನೆ.

ಎಥನಾಲ್ ಬೇಡ ಅಂತ ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಮಂಡ್ಯದವನು ಹಾಗೆ ಹೇಳುವುದಾದರೂ ಹೇಗೆ? 1933ರಲ್ಲಿ ಇಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆಯೇ ಅಲ್ವಾ ಈ ಜಿಲ್ಲೆಗೆ ಸಕ್ಕರೆ ನಾಡು ಅಂತ ಹೆಸರು ಬಂದದ್ದು. ನಾನು ಕೇಳುತ್ತಿರುವುದು ಒಂದೇ. ಬಂಕ್‌ನಲ್ಲಿ ನಮ್ಮ ಟ್ಯಾಂಕಿಗೆ ಏನು ಹಾಕುತ್ತಿದ್ದೀರಿ, ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಯಾರಿಗೆ ಎಷ್ಟು ಹೋಗುತ್ತಿದೆ ಅನ್ನುವುದನ್ನು ಜನಕ್ಕೆ ಕಾಣುವ ಹಾಗೆ ಬರೆದು ಹಾಕಿ. ಹಳೆ ಗಾಡಿ ಇರುವವರಿಗೆ ಇನ್ನೊಂದು ದಾರಿ ಕೊಡಿ. ಕಬ್ಬು ಬೆಳೆದವನಿಗೂ ಎಥನಾಲ್ ಲೆಕ್ಕ ತೋರಿಸಿ.

ಮೊದಲು ಗ್ಯಾರೇಜಿನ ಮಾತು ಹೇಳುತ್ತೇನೆ. ಮಳೆಗಾಲದಲ್ಲಿ ಹಳೆ ಕಾರ್ಬುರೇಟರ್ ಗಾಡಿಗಳು ಸಾಲಾಗಿ ಬರುತ್ತವೆ. "ಅಣ್ಣ, ಬೆಳಿಗ್ಗೆ ಸ್ಟಾರ್ಟೇ ಆಗಲ್ಲ, ಸ್ಟಾರ್ಟ್ ಆದ್ರೂ ಮಧ್ಯ ಮಧ್ಯ ಮಿಸ್ ಹೊಡೀತದೆ ಕಣಣ್ಣ" ಅಂತ. ಕಾರ್ಬುರೇಟರ್ ಬಿಚ್ಚಿ ಕೆಳಗಿನ ಬೌಲ್ ತೆಗೆದರೆ ಒಳಗೆ ನೀರಿನ ಹಾಗೆ ಒಂದು ಪದರ. ಓರಿಂಗ್, ಅಂದರೆ ಪೆಟ್ರೋಲ್ ಸೋರದ ಹಾಗೆ ಹಾಕುವ ರಬ್ಬರ್ ಬಳೆ, ಉಬ್ಬಿ ತಾನು ಕೂರುವ ಕಚ್ಚು ಬಿಟ್ಟು ಎದ್ದಿರುತ್ತದೆ, ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ. ಪೆಟ್ರೋಲ್ ಪೈಪು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಎಲ್ಲವೂ ಎಥನಾಲ್‌ನಿಂದಲೇ ಆಯ್ತು ಅಂತ ನಾನು ಹೇಳುವುದಿಲ್ಲ. ರಬ್ಬರ್‌ಗೂ ವಯಸ್ಸಾಗುತ್ತದೆ, ಟ್ಯಾಂಕಿನ ಮುಚ್ಚಳ ಸಡಿಲವಿದ್ದರೂ ನೀರು ಇಳಿಯುತ್ತದೆ. ಆದರೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಜಾಸ್ತಿ ನೀರು ಸೇರಿದಾಗ ಪೆಟ್ರೋಲ್ ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ರಸಾಯನಶಾಸ್ತ್ರ.

ಗಿರಾಕಿಗಳಿಗೆ ಅರ್ಥವಾಗಲಿ ಅಂತ ಒಂದು ಅಳತೆ ಬಾಟಲಿ ಇಟ್ಟಿದ್ದೇನೆ. 100 ಮಿಲಿಲೀಟರ್ ಪೆಟ್ರೋಲ್ ಹಾಕಿ, ಮೇಲೆ 10 ಮಿಲಿಲೀಟರ್ ನೀರು ಹಾಕಿ, ಮುಚ್ಚಳ ಹಾಕಿ ಕುಲುಕಿ ಇಡುತ್ತೇನೆ. ಸ್ವಲ್ಪ ಹೊತ್ತಿಗೆ ಪೆಟ್ರೋಲ್ ಮೇಲೆ ನಿಲ್ಲುತ್ತದೆ, ಕೆಳಗೆ ನೀರಿನ ಪದರ ಇಳಿಯುತ್ತದೆ. ಹಾಕಿದ್ದು 10, ಕೆಳಗೆ ಕಾಣುವುದು ಹೆಚ್ಚುಕಡಿಮೆ 30. ಹೆಚ್ಚಾದ ಆ 20 ಎಥನಾಲ್, ನೀರಿನ ಜೊತೆ ಇಳಿದದ್ದು. ಇದನ್ನು ಮೊದಲ ಸಲ ನೋಡಿದವರು ಸುಮ್ಮನೆ ನಿಂತುಬಿಡುತ್ತಾರೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: "ಇದನ್ನ ನಮಗೆ ಯಾಕೆ ಯಾರೂ ಹೇಳಲಿಲ್ಲ?"

ಅದು ನ್ಯಾಯವಾದ ಪ್ರಶ್ನೆ. ಹೇಳದೇ ಇದ್ದದ್ದರಿಂದ ಏನಾಗಿದೆ ಗೊತ್ತಾ? ಗಾಡಿ ಕೆಟ್ಟವರು ಬಂಕ್ ಹುಡುಗರ ಮೇಲೆ ಜಗಳಕ್ಕೆ ಹೋಗುತ್ತಾರೆ. ನೀರು ಬೆರೆಸಿದ್ದೀರಾ, ಕಲಬೆರಕೆ ಮಾಡಿದ್ದೀರಾ ಅಂತ. ಪಾಪ, ಆ ಹುಡುಗರು ತಿಂಗಳ ಸಂಬಳಕ್ಕೆ ದುಡಿಯುವವರು. ಅವರಿಗೂ ಯಾರೂ ಬಿಡಿಸಿ ಹೇಳಿಲ್ಲ. ನಿಜವಾಗಿ ಕಲಬೆರಕೆ ಮಾಡುವವನು ಎಲ್ಲೋ ಇದ್ದರೆ ಅವನಿಗೂ ಈ ಗೊಂದಲದಿಂದ ಅನುಕೂಲವೇ.

ಇನ್ನು ಎಥನಾಲ್ ಯಾಕೆ ಬಂತು ಅನ್ನುವುದಕ್ಕೆ ಬರೋಣ. ಇದನ್ನು ನೀವು ಜನಕ್ಕೆ ನೆಟ್ಟಗೆ ಹೇಳಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತು. ಈ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಸುಮಾರು 88 ಭಾಗ ಹೊರಗಿನದು. ಶುದ್ಧೀಕರಣ ಮಾಡುವ ಶಕ್ತಿ ನಮಗೆ ಬೇಕಾದಷ್ಟು ಇದೆ. 23 ರಿಫೈನರಿಗಳು, ವರ್ಷಕ್ಕೆ 25 ಕೋಟಿ ಟನ್‌ಗಿಂತ ಜಾಸ್ತಿ ಸಾಮರ್ಥ್ಯ, ಜಗತ್ತಿನಲ್ಲಿ ನಾಲ್ಕನೇ ಸ್ಥಾನ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ ಒಂದೇ, ವರ್ಷಕ್ಕೆ ಒಂದೂವರೆ ಕೋಟಿ ಟನ್ ಸಂಸ್ಕರಿಸಬಲ್ಲದು, ಮಂಗಳೂರಿಂದ ಹಾಸನದ ಮೇಲೆ ಬೆಂಗಳೂರಿಗೆ ಪೈಪ್‌ಲೈನ್ ಇದೆ. ಪೆಟ್ರೋಲ್, ಡೀಸೆಲ್ ಮಾಡಿ ಹೊರದೇಶಕ್ಕೂ ಮಾರುತ್ತೇವೆ. ಒಲೆ, ಪಾತ್ರೆ, ಅಡುಗೆಯವರು ಎಲ್ಲ ನಮ್ಮವರೇ, ಅಕ್ಕಿ ಮಾತ್ರ ಬೇರೆಯವರ ಮನೆಯದು.

ಆ ಬೇರೆಯವರ ಮನೆಯಲ್ಲಿ ಏನಾದರೂ ಆದರೆ ಮಂಡ್ಯದ ಬಂಕ್‌ನಲ್ಲಿ ಬಿಸಿ ತಟ್ಟುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗುವ ಮುಂಚೆ ನಾವು ರಷ್ಯಾದಿಂದ ತರಿಸುತ್ತಿದ್ದ ತೈಲ ನೂರಕ್ಕೆ ಎರಡು ಭಾಗವೂ ಇರಲಿಲ್ಲ. ಆಮೇಲೆ ಅವರು ರಿಯಾಯಿತಿ ಕೊಟ್ಟರು, ನಾವು ತೆಗೆದುಕೊಂಡೆವು, ಮೂರರಲ್ಲಿ ಒಂದು ಪಾಲು ದಾಟಿತು. ಅದಕ್ಕೇ 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸಾಮಾನುಗಳ ಮೇಲೆ ಇನ್ನೂ ನೂರಕ್ಕೆ 25 ಸುಂಕ ಹಾಕಿತು. ಅಕ್ಟೋಬರ್‌ನಲ್ಲಿ ರಷ್ಯಾದ ದೊಡ್ಡ ತೈಲ ಕಂಪನಿಗಳಾದ ರೋಸ್‌ನೆಫ್ಟ್, ಲುಕಾಯಿಲ್ ಎರಡರ ಮೇಲೂ ಅಮೆರಿಕದ ನಿರ್ಬಂಧ ಬಂತು. ರಷ್ಯಾ ತೈಲದಿಂದ ಮಾಡಿದ ಡೀಸೆಲ್, ಪೆಟ್ರೋಲ್ ನಮಗೆ ಬೇಡ, 2026ರ ಜನವರಿ 21ರಿಂದ ಒಳಗೆ ಬಿಡುವುದಿಲ್ಲ ಅಂತ ಯುರೋಪಿನವರು ನಿಯಮ ಮಾಡಿದರು. ರಿಫೈನರಿ ಅಂದರೆ ಬೇಕಾದಾಗ ಬೇಕಾದ ತೈಲ ಸುರಿಯುವ ಜಾಗ ಅಲ್ಲ. ಒಂದು ಕಚ್ಚಾ ತೈಲ ತೆಳ್ಳಗಿರುತ್ತದೆ, ಇನ್ನೊಂದು ಡಾಂಬರಿನ ಹಾಗೆ ದಪ್ಪ, ಒಂದರಲ್ಲಿ ಗಂಧಕ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಯಾವುದಕ್ಕೆ ಹೊಂದಿಸಿ ಕಟ್ಟಿರುತ್ತಾರೋ ಅದರಲ್ಲೇ ಲಾಭ. ಬದಲಾಯಿಸಿದರೆ ಬರುವ ಪೆಟ್ರೋಲ್, ಡೀಸೆಲ್ ಪ್ರಮಾಣವೂ ಬದಲಾಗುತ್ತದೆ.

ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹಾರ್ಮುಜ್ ಜಲಸಂಧಿಯ ವಿಷಯ ಬೇರೆ ಇದೆ. 2024ರಲ್ಲಿ ಜಗತ್ತು ದಿನಕ್ಕೆ ಬಳಸಿದ ತೈಲದಲ್ಲಿ ಐದರಲ್ಲಿ ಒಂದು ಪಾಲು ಆ ಒಂದು ಇಕ್ಕಟ್ಟಿನ ದಾರಿಯಲ್ಲಿ ಹಡಗಿನ ಮೇಲೆ ಬಂತು. ಅಲ್ಲಿ ತೊಂದರೆಯಾದರೆ ಅಂತ ನಾವು ನೆಲದೊಳಗೆ ಕಲ್ಲು ಕೊರೆದು ತೈಲ ಕೂಡಿಟ್ಟಿದ್ದೇವೆ. ಮೂರು ಜಾಗದಲ್ಲಿ ಎರಡು ನಮ್ಮ ಕರ್ನಾಟಕದಲ್ಲೇ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಹತ್ತಿರ ಪಾದೂರಿನಲ್ಲಿ 25 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್. ಮೂರೂ ತುಂಬಿದರೂ ದೇಶಕ್ಕೆ ಹತ್ತು ದಿನ ಬರುವುದು ಕಷ್ಟ. ಕಂಪನಿಗಳ ಸ್ವಂತ ದಾಸ್ತಾನು ಬೇರೆ ಇರುತ್ತದೆ, ಆದರೂ.

ಅತ್ತ ಪಶ್ಚಿಮದ ದೇಶಗಳಲ್ಲಿ ರಿಫೈನರಿಗಳು ಬಾಗಿಲು ಹಾಕುತ್ತಿವೆ. ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ನೂರು ವರ್ಷ ನಡೆದು 2025ರ ಏಪ್ರಿಲ್‌ನಲ್ಲಿ ನಿಂತಿತು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಒಂದು ಮುಚ್ಚಿತು, ಲಾಸ್ ಏಂಜಲೀಸ್‌ನಲ್ಲಿ ಇನ್ನೊಂದು. ಹಳೆಯವು, ಚಿಕ್ಕವು, ಖರ್ಚು ಜಾಸ್ತಿ, ಹೊಸದಾಗಿ ದುಡ್ಡು ಹಾಕಲು ಯಾರೂ ತಯಾರಿಲ್ಲ. ಯಾಕೆಂದರೆ ಮುಂದೆ ಪೆಟ್ರೋಲ್ ಎಷ್ಟು ದಿನ ಮಾರಾಟವಾಗುತ್ತದೆ ಅನ್ನುವುದೇ ಅವರಿಗೆ ಅನುಮಾನ. ಚೀನಾದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಚಾರ್ಜ್ ಹಾಕಿ ಓಡಿಸುವಂಥವು. ಇತ್ತ ನೈಜೀರಿಯಾದಲ್ಲಿ ದಿನಕ್ಕೆ ಆರೂವರೆ ಲಕ್ಷ ಬ್ಯಾರೆಲ್ ಸಂಸ್ಕರಿಸುವ ಡಾಂಗೋಟೆ ರಿಫೈನರಿ 2024ರಲ್ಲಿ ಶುರುವಾಯಿತು. ನೆಲದಡಿ ತೈಲ ಇಟ್ಟುಕೊಂಡು ದಶಕಗಟ್ಟಲೆ ಪೆಟ್ರೋಲನ್ನು ಹೊರಗಿಂದ ತರಿಸಿದ ದೇಶ ಅದು. ನಮ್ಮ ಕಥೆ ಅದಕ್ಕೆ ಪೂರ್ತಿ ಉಲ್ಟಾ.

ಇಷ್ಟೆಲ್ಲಾ ಅಲ್ಲೋಲಕಲ್ಲೋಲ ಇರುವಾಗ ಸ್ವಂತ ನೆಲದಲ್ಲಿ ಬೆಳೆದದ್ದರಿಂದ ಇಂಧನ ಮಾಡಿಕೊಳ್ಳೋಣ ಅನ್ನುವುದು ಒಳ್ಳೆಯ ಯೋಚನೆ. ಹೊಸದೂ ಅಲ್ಲ. 1948ರಲ್ಲೇ ಪವರ್ ಆಲ್ಕೋಹಾಲ್ ಅಂತ ಒಂದು ಕಾನೂನು ಬಂದಿತ್ತು. ಆಮೇಲೆ ಮರೆತರು. 2014ರ ಹೊತ್ತಿಗೆ ಪೆಟ್ರೋಲ್‌ನಲ್ಲಿ ಎಥನಾಲ್ ನೂರಕ್ಕೆ ಒಂದೂವರೆ ಭಾಗ ಇತ್ತು. 2022ರ ಜೂನ್‌ಗೆ 10 ಮುಟ್ಟಿತು. 2030ಕ್ಕೆ 20 ಮಾಡೋಣ ಅಂದಿದ್ದನ್ನು ಹಿಂದಕ್ಕೆ ತಂದು 2025ಕ್ಕೇ ಮುಟ್ಟಿಸಿದಿರಿ. ಈ ಕೆಲಸದ ವೇಗ ಸಣ್ಣದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಐದು ವರ್ಷ ಮುಂಚೆ ಗುರಿ ಮುಟ್ಟಿಸಿದ್ದೀರಿ ಅಂದರೆ ಜನರ ಗಾಡಿಗಳು ತಯಾರಾಗಲು ಇದ್ದ ಐದು ವರ್ಷವನ್ನೂ ಕಡಿಮೆ ಮಾಡಿದ್ದೀರಿ ಅಂತಲೇ ಅರ್ಥ.

ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಒಂದು ಸುತ್ತು ಬನ್ನಿ. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವ ಎಕ್ಸೆಲ್, ಹುಲ್ಲಿನ ಹೊರೆ ಹೊತ್ತ ಸ್ಪ್ಲೆಂಡರ್, ಮೈಸೂರಿಗೆ ಗಾರೆ ಕೆಲಸಕ್ಕೆ ಹೋಗುವವರ ಗಾಡಿ. ಹೊಸ ಗಾಡಿ ಎಷ್ಟು ಸಿಗುತ್ತವೆ ಹೇಳಿ. 2023ರ ಏಪ್ರಿಲ್ ನಂತರ ಬಂದ ಗಾಡಿಗಳಿಗೆ ಇ20 ತಡೆಯುವ ರಬ್ಬರ್, ಲೋಹ ಹಾಕಿರುತ್ತಾರೆ. ಅದಕ್ಕೂ ಹಿಂದಿನ ಗಾಡಿಗಳು ಇನ್ನೂ ಹತ್ತು ವರ್ಷ ನಮ್ಮ ರಸ್ತೆಯಲ್ಲಿ ಓಡುತ್ತವೆ. ಇಲ್ಲಿ ಗಾಡಿ ಹಳೇದಾಯ್ತು ಅಂತ ಯಾರೂ ಬಿಸಾಡುವುದಿಲ್ಲ, ಅಪ್ಪನಿಂದ ಮಗನಿಗೆ ಬರುತ್ತದೆ.

ಇದು ನನ್ನೊಬ್ಬನ ಮಾತಲ್ಲ. ನೀತಿ ಆಯೋಗದ 2021ರ ವರದಿಯಲ್ಲೇ ಇದೆ, ಅದೇ ವರದಿಯನ್ನು ಹಿಡಿದುಕೊಂಡೇ ನೀವು ಇ20 ತಂದಿರಿ. ಇ20ಗೆ ಹೊಂದಿಸದ ನಾಲ್ಕು ಚಕ್ರದ ಗಾಡಿಯಲ್ಲಿ ಮೈಲೇಜ್ ನೂರಕ್ಕೆ 6ರಿಂದ 7, ಎರಡು ಚಕ್ರದ್ದರಲ್ಲಿ 3ರಿಂದ 4 ಕಡಿಮೆಯಾಗಬಹುದು ಅಂತ ಅದರಲ್ಲಿ ಬರೆದಿದ್ದಾರೆ. ಹಳೆ ಗಾಡಿಗಳಿಗೆ ಇ10 ಸಿಗುವ ಹಾಗೆ ಇಟ್ಟಿರಬೇಕು ಅಂತ ಬರೆದಿದ್ದಾರೆ. ಎಥನಾಲ್‌ನಲ್ಲಿ ಶಕ್ತಿ ಕಡಿಮೆ ಇರುವುದರಿಂದ ಅದು ಬೆರೆತ ಪೆಟ್ರೋಲಿನ ಬೆಲೆಯೂ ಕಡಿಮೆ ಇರಬೇಕು ಅಂತಲೂ ಬರೆದಿದ್ದಾರೆ. ವರದಿಯಲ್ಲಿ ಎಷ್ಟು ಬೆರೆಸಬೇಕು ಅಂತ ಇದ್ದದ್ದು ಜಾರಿಯಾಯಿತು. ಬೆಲೆ ಇಳಿಸಿ ಅಂದದ್ದು, ಇ10 ಇಡಿ ಅಂದದ್ದು ಎರಡೂ ಜಾರಿಯಾಗಲಿಲ್ಲ.

2025ರ ಆಗಸ್ಟ್‌ನಲ್ಲಿ ನಿಮ್ಮ ಸಚಿವಾಲಯ ಒಂದು ವಿವರಣೆ ಕೊಟ್ಟಿತು. ಮೈಲೇಜ್ ಇಳಿಯುವುದು ಸ್ವಲ್ಪವೇ, ಹಳೆ ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು, ಅದಕ್ಕೆ ಖರ್ಚು ಕಡಿಮೆ ಅಂತ. ಸಾರ್, ಓರಿಂಗಿಗೆ ಖರ್ಚು ಕಡಿಮೆ ನಿಜ. ಆದರೆ ಅದನ್ನು ಬದಲಾಯಿಸಲು ಗಾಡಿ ಬಿಟ್ಟುಹೋದವನ ಒಂದು ದಿನದ ಕೂಲಿ ಹೋಗುತ್ತದೆ. ಆ ಲೆಕ್ಕ ನಿಮ್ಮ ವಿವರಣೆಯಲ್ಲಿ ಇಲ್ಲ. ಎಥನಾಲ್ ಬೆಲೆಯೇ ಈಗ ಜಾಸ್ತಿ, ಸಾಗಾಣಿಕೆ, ಜಿಎಸ್‌ಟಿ ಸೇರಿ ಲೀಟರಿಗೆ ಸರಾಸರಿ 71.32 ರೂಪಾಯಿ ಬೀಳುತ್ತಿದೆ, ಶುದ್ಧೀಕರಿಸಿದ ಪೆಟ್ರೋಲ್‌ಗಿಂತ ದುಬಾರಿ, ಆದ್ದರಿಂದ ಬೆಲೆ ಇಳಿಸಲು ಆಗುವುದಿಲ್ಲ ಅಂತಲೂ ಹೇಳಿದಿರಿ. ಸರಿ, ಅದು ನಿಜವಾದ ಕಾರಣ ಇರಬಹುದು. ಹಾಗಾದರೆ ಅದನ್ನು ಬಂಕ್‌ನ ಬೋರ್ಡಿನಲ್ಲಿ ಬರೆಯಿರಿ ಅಂತಲೇ ನಾನು ಕೇಳುತ್ತಿರುವುದು.

ಬೇರೆ ದೇಶದವರು ಹೇಗೆ ಮಾಡಿದ್ದಾರೆ ನೋಡಿ. ಬ್ರೆಜಿಲ್ 1975ರಿಂದ ಕಬ್ಬಿನ ಎಥನಾಲ್ ಮಾಡುತ್ತಿದೆ. ನಮ್ಮವರು ಎಲ್ಲದಕ್ಕೂ ಅವರ ಉದಾಹರಣೆಯನ್ನೇ ಕೊಡುತ್ತಾರೆ. ಅಲ್ಲಿ ಪೆಟ್ರೋಲ್‌ಗೆ ಬೆರೆಸುವ ಎಥನಾಲ್ 2025ರಲ್ಲಿ ನೂರಕ್ಕೆ 30 ಆಯಿತು. ಆದರೆ ಪಕ್ಕದಲ್ಲೇ ಬರೀ ಎಥನಾಲ್ ಕೂಡ ಬೇರೆ ಬೆಲೆಗೆ ಸಿಗುತ್ತದೆ. 2003ರಿಂದ ಎರಡರಲ್ಲೂ ಓಡುವ ಕಾರುಗಳು ಬಂದಿವೆ. ಎಥನಾಲ್ ಬೆಲೆ ಪೆಟ್ರೋಲ್ ಬೆಲೆಯ ನೂರಕ್ಕೆ 70ಕ್ಕಿಂತ ಕೆಳಗಿದ್ದರೆ ಅದನ್ನು ಹಾಕಿಸು, ಇಲ್ಲದಿದ್ದರೆ ಪೆಟ್ರೋಲ್ ಹಾಕಿಸು ಅನ್ನುವ ಲೆಕ್ಕ ಅಲ್ಲಿನ ಸಾಮಾನ್ಯ ಜನಕ್ಕೂ ಗೊತ್ತು. ಇಂಗ್ಲೆಂಡಿನಲ್ಲಿ 2021ರಲ್ಲಿ ಇ10 ತಂದಾಗ ಹಳೆ ಕಾರುಗಳಿಗೆ ಅಂತ ಇ5 ಉಳಿಸಿದರು. ಪಂಪಿನ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ನಾವು ಮಾತ್ರ ಸಾಮಾನ್ಯ ಪೆಟ್ರೋಲ್‌ನಲ್ಲಿ ಯಾವ ಆಯ್ಕೆಯೂ ಇಲ್ಲದೆ ಎಲ್ಲರಿಗೂ ಒಂದೇ ಇ20 ಅಂದುಬಿಟ್ಟೆವು. ಆಯ್ಕೆ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯೂ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಕೋರ್ಟು ಬೇಡ ಅಂದರೂ ನೀವು ಬೇಕು ಅಂದುಕೊಂಡರೆ ಮಾಡಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಈಗ ಬೆಲೆ ವಿಷಯ. 2017ರ ಜೂನ್‌ನಿಂದ ಪೆಟ್ರೋಲ್ ಬೆಲೆ ದಿನದಿನವೂ ಬದಲಾಗುತ್ತದೆ, ಜಗತ್ತಿನ ಮಾರುಕಟ್ಟೆ ಹೇಗೋ ಹಾಗೆ ಅಂತ ಹೇಳಿದ್ದಿರಿ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ತೈಲದ ಬೆಲೆ ಒಂದು ದಿನ ಸೊನ್ನೆಗಿಂತ ಕೆಳಗೆ ಬಿತ್ತು. ನಮಗೆ ಇಳಿಯಿತಾ? ಮೇ ತಿಂಗಳಲ್ಲಿ ಪೆಟ್ರೋಲ್ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿದಿರಿ. 2021ರಲ್ಲಿ, 2022ರಲ್ಲಿ ಸ್ವಲ್ಪ ಇಳಿಸಿದಿರಿ, ಅದನ್ನೂ ಹೇಳಬೇಕು. ಆದರೆ 2022ರ ಮೇ ತಿಂಗಳ ಸುಂಕ ಕಡಿತ ಆದ ಮೇಲೆ 2024ರ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಒಂದೇ ಬೆಲೆ. ಮೊದಲು ಕಂಪನಿಗಳು ನಷ್ಟ ಅನುಭವಿಸಿದವು, ಆಮೇಲೆ ಕಚ್ಚಾ ತೈಲ ಇಳಿದಾಗ ಆ ನಷ್ಟ ತುಂಬಿಕೊಂಡವು. ಏರಿದಾಗ ನಮ್ಮನ್ನು ಕಾಪಾಡಿದ್ದು ನಿಜ. ಆದರೆ ಇಳಿದಾಗ ಯಾಕೆ ಇಳಿಯಲಿಲ್ಲ ಅನ್ನುವುದನ್ನು ಜನ ಊಹಿಸಿಕೊಳ್ಳಬೇಕಾಯಿತು.

ರಾಜ್ಯ ಸರ್ಕಾರಕ್ಕೂ ಇದೇ ಮಾತು. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ನೂರಕ್ಕೆ 25.92ರಿಂದ 29.84ಕ್ಕೆ ಹೋಯಿತು. ಡೀಸೆಲ್ 14.34ರಿಂದ 18.44, ಮತ್ತೆ 2025ರ ಏಪ್ರಿಲ್‌ನಲ್ಲಿ 21.17. ಅದೇ ಏಪ್ರಿಲ್‌ನಲ್ಲಿ ಕೇಂದ್ರವೂ 2 ರೂಪಾಯಿ ಸುಂಕ ಏರಿಸಿತು. ಡೀಸೆಲ್ ಏರಿದರೆ ಏನಾಗುತ್ತದೆ ಅನ್ನುವುದನ್ನು ಕಬ್ಬಿನ ಗದ್ದೆಯಲ್ಲಿ ನಿಂತು ನೋಡಿ. ಉಳುಮೆಗೆ ಟ್ರ್ಯಾಕ್ಟರ್, ಕಬ್ಬು ಸಾಗಿಸಲು ಟ್ರ್ಯಾಕ್ಟರ್, ಎಲ್ಲವೂ ಡೀಸೆಲ್. ಎಥನಾಲ್ ಸೇರುವುದು ಪೆಟ್ರೋಲ್‌ಗೆ ಮಾತ್ರ. ಈ ದೇಶದಲ್ಲಿ ಬಳಸುವ ತೈಲದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಡೀಸೆಲ್‌ದು, ಅಲ್ಲಿ ನಮ್ಮ ಕಬ್ಬು ಯಾವ ಕೆಲಸಕ್ಕೂ ಬರುತ್ತಿಲ್ಲ. ರಿಫೈನರಿಯಲ್ಲಿ ಒಂದು ಬ್ಯಾರೆಲ್ ಕಾಯಿಸಿದರೆ ಗ್ಯಾಸ್, ಪೆಟ್ರೋಲ್, ವಿಮಾನದ ಇಂಧನ, ಡೀಸೆಲ್, ಡಾಂಬರು ಎಲ್ಲ ಒಟ್ಟಿಗೆ ಬರುತ್ತವೆ. ಡೀಸೆಲ್ ಬೇಕು ಅಂತ ಕಾಯಿಸಿದಾಗ ಪೆಟ್ರೋಲ್ ಬಂದೇ ಬರುತ್ತದೆ. ಎಥನಾಲ್ ಸೇರಿಸಿ ಉಳಿಸಿದ ಪೆಟ್ರೋಲ್‌ನಲ್ಲಿ ಎಷ್ಟು ಭಾಗ ತೈಲ ತರಿಸುವುದನ್ನು ಕಡಿಮೆ ಮಾಡಿತು, ಎಷ್ಟು ಭಾಗ ಹೊರಗೆ ಮಾರಾಟವಾಯಿತು? 2014ರಿಂದ 2025ರ ಜುಲೈವರೆಗೆ 1.44 ಲಕ್ಷ ಕೋಟಿ ರೂಪಾಯಿ ವಿದೇಶಿ ವಿನಿಮಯ ಉಳಿದಿದೆ ಅಂತ ಹೇಳಿದಿರಿ. ಆ ಮೊತ್ತವನ್ನು ಬಿಡಿಸಿ ತೋರಿಸಿದರೆ ನಂಬುವುದು ಸುಲಭ.

ಇನ್ನು ಕಬ್ಬಿನ ಮಾತು. ಇದು ನಮ್ಮ ಹೊಟ್ಟೆಪಾಡಿನದು, ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನೀತಿ ಆಯೋಗದ ಅದೇ ವರದಿ ಪ್ರಕಾರ ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥನಾಲ್ ಬರುತ್ತದೆ. ಕಬ್ಬಿನ ರಸದ ಎಥನಾಲ್‌ಗೆ ನೀವು 2025ರಲ್ಲಿ ಕೊಟ್ಟದ್ದು ಲೀಟರಿಗೆ 65.61 ರೂಪಾಯಿ. ಗುಣಿಸಿದರೆ ಸುಮಾರು 4,590 ರೂಪಾಯಿ. ಕಾರ್ಖಾನೆಗೆ ಖರ್ಚು ಇದೆ, ಸಾಲದ ಬಡ್ಡಿ ಇದೆ, ಕೂಲಿ ಇದೆ, ಗೊತ್ತು. ರೈತನಿಗೆ? 2025-26ಕ್ಕೆ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಕೇಂದ್ರ ಗೊತ್ತು ಮಾಡುವ ಕನಿಷ್ಠ ಬೆಲೆ, ಟನ್‌ಗೆ 3,550 ರೂಪಾಯಿ ಅಂತ ದೊಡ್ಡದಾಗಿ ಪೇಪರಿನಲ್ಲಿ ಬಂತು. ಅದು ಸಕ್ಕರೆ ಇಳುವರಿ, ಅಂದರೆ ನೂರು ಕಿಲೋ ಕಬ್ಬಿಗೆ ಬರುವ ಸಕ್ಕರೆ, 10.25 ಕಿಲೋ ಇದ್ದರೆ. 9.5ಕ್ಕಿಂತ ಕೆಳಗೆ ಇದ್ದರೆ 3,290 ರೂಪಾಯಿ. ನಮ್ಮ ಕಡೆ ಜಾಸ್ತಿ ಸಿಗುವುದು ಈ ಕೆಳಗಿನ ಲೆಕ್ಕವೇ. ಅದರಲ್ಲೂ ಕಟಾವು ಕೂಲಿ, ಸಾಗಾಣಿಕೆ ಕಳೆದು ಕೈಗೆ ಬರುತ್ತದೆ.

ಕಾರ್ಖಾನೆ ಮುಂದೆ ಸೀಸನ್‌ನಲ್ಲಿ ಒಂದು ಮಧ್ಯಾಹ್ನ ನಿಂತು ನೋಡಿ. ಟ್ರ್ಯಾಕ್ಟರ್‌ಗಳ ಸಾಲು ರಸ್ತೆಯವರೆಗೆ ಬಂದಿರುತ್ತದೆ. ಟ್ರೈಲರ್ ಕೆಳಗೆ ನೆರಳಲ್ಲಿ ಡ್ರೈವರ್‌ಗಳು ಟವಲ್ ಹಾಸಿ ಮಲಗಿರುತ್ತಾರೆ. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಾ ಇರುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ. ಕೊನೆಗೆ ವೇಬ್ರಿಡ್ಜ್ ಮೇಲೆ ಹತ್ತಿಸಿ ಒಂದು ಚೀಟಿ ಕೊಡುತ್ತಾರೆ. ಒಟ್ಟು ತೂಕ, ಗಾಡಿ ತೂಕ, ಕಬ್ಬಿನ ತೂಕ, ಅಷ್ಟೇ. ನಮ್ಮೂರಿನ ಒಬ್ಬ ಹಿರಿಯರು ಆ ಚೀಟಿಯನ್ನು ತಂದು ಗ್ಯಾರೇಜಿನಲ್ಲಿ ನನ್ನ ಮುಂದೆ ಹಿಡಿದು ಕೇಳಿದ್ದರು: "ನನ್ನ ಕಬ್ಬು ಸಕ್ಕರೆಗೆ ಹೋಯ್ತೋ ಸ್ಪಿರಿಟ್‌ಗೆ ಹೋಯ್ತೋ, ಎಲ್ಲಿ ಬರೆದವ್ರಪ್ಪಾ?" ಎಲ್ಲೂ ಬರೆದಿಲ್ಲ. ರಸವನ್ನೇ ಎಥನಾಲ್‌ಗೆ ಹಾಕಿದರೆ, ಇಲ್ಲವೇ ಸಕ್ಕರೆ ಪೂರ್ತಿ ತೆಗೆಯದೆ ಕಾಕಂಬಿಯಲ್ಲೇ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಬಿಟ್ಟರೆ, ಇಳುವರಿ ಎಷ್ಟು ಅಂತ ಹಾಕುತ್ತಾರೆ? ಲೆಕ್ಕಕ್ಕೆ ನಿಯಮ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ರೈತನ ಕೈಗೆ ಕೊಡುವ ಚೀಟಿಗೆ ಇಳಿದಿಲ್ಲ.

ಇನ್ನೊಂದು ಕಡೆ ಕಾರ್ಖಾನೆಯವರ ಮಾತಿನಲ್ಲೂ ಸ್ವಲ್ಪ ನ್ಯಾಯ ಇದೆ. ಎಫ್‌ಆರ್‌ಪಿ 2022-23ರಲ್ಲಿ ಕ್ವಿಂಟಾಲ್‌ಗೆ 305 ರೂಪಾಯಿ ಇದ್ದದ್ದು 2025-26ಕ್ಕೆ 355 ಆಯಿತು. ರಸದ ಎಥನಾಲ್ ಬೆಲೆ ಮಾತ್ರ ಅಂದಿನಿಂದ 2025ರವರೆಗೂ 65.61ರಲ್ಲೇ ನಿಂತಿತ್ತು. 2023ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ರಸದಿಂದ ಎಥನಾಲ್ ಮಾಡಬೇಡಿ ಅಂದಿರಿ, ಮುಂದಿನ ವರ್ಷ ಮಾಡಿ ಅಂದಿರಿ. ಕೋಟಿಗಟ್ಟಲೆ ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವರು ಏನು ಮಾಡಬೇಕು? 2025-26ಕ್ಕೆ ತೈಲ ಕಂಪನಿಗಳು ಹಂಚಿದ ಎಥನಾಲ್‌ನಲ್ಲಿ ಕಬ್ಬಿನದು ಮೂರನೇ ಒಂದು ಪಾಲಿಗಿಂತಲೂ ಕಡಿಮೆ, ಉಳಿದದ್ದು ಮುಸುಕಿನ ಜೋಳ, ಅಕ್ಕಿ. 2025ರ ನವೆಂಬರ್‌ನಲ್ಲೇ ಬೆಳಗಾವಿ ಕಡೆ ಕಬ್ಬು ಬೆಳೆಗಾರರು ಹೆದ್ದಾರಿಗೆ ಇಳಿದರು, ಕೊನೆಗೆ ರಾಜ್ಯ ಸರ್ಕಾರ ಮಧ್ಯೆ ಬಂದು ಟನ್‌ಗೆ 3,300 ರೂಪಾಯಿಗೆ ಮಾತು ಮುಗಿಸಿತು. ಕಬ್ಬು ವರ್ಷದ ಬೆಳೆ. ಈ ವರ್ಷ ಬೇಕು, ಮುಂದಿನ ವರ್ಷ ಬೇಡ ಅಂದರೆ ನಾಟಿ ಮಾಡಿದ ಕಬ್ಬನ್ನು ಕಿತ್ತುಹಾಕಲು ಆಗುತ್ತದಾ? ಕಾರ್ಖಾನೆ ತೆಗೆದುಕೊಳ್ಳದಿದ್ದರೆ ಆಲೆಮನೆ, ಆಲೆಮನೆಯವರು ಹೇಳಿದ ರೇಟಿಗೆ ಕೊಟ್ಟು ಬರಬೇಕು.

ಅಕ್ಕಿ ಅಂದಾಗ ಒಂದು ವಿಷಯ ಹೇಳದೆ ಇರಲಾರೆ. 2023ರಲ್ಲಿ ಅನ್ನಭಾಗ್ಯಕ್ಕೆ ನಮ್ಮ ರಾಜ್ಯ ದುಡ್ಡು ಕೊಡುತ್ತೇವೆ, ಅಕ್ಕಿ ಕೊಡಿ ಅಂತ ಕೇಳಿದಾಗ ಆಹಾರ ನಿಗಮದಿಂದ ಸಿಗಲಿಲ್ಲ. ಎರಡು ವರ್ಷದೊಳಗೆ ಅದೇ ನಿಗಮದ 52 ಲಕ್ಷ ಟನ್ ಅಕ್ಕಿ ಕಿಲೋಗೆ 22.50 ರೂಪಾಯಿಯಂತೆ ಎಥನಾಲ್‌ಗೆ ಹಂಚಿಕೆಯಾಯಿತು. ಗೋದಾಮು ತುಂಬಿತ್ತು, ಇಡಲು ಜಾಗ ಇರಲಿಲ್ಲ ಅನ್ನುವುದು ಕಾರಣ ಇರಬಹುದು. ಆದರೂ ಅನ್ನ ಇಂಧನವಾಗುವಾಗ ಮೊದಲು ಹಸಿದವರನ್ನು ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೀರಿನ ವಿಷಯ ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಲೀಟರ್ ಕಬ್ಬಿನ ಎಥನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ ಅದೇ ವರದಿ ಹೇಳುತ್ತದೆ. ಕೆಆರ್‌ಎಸ್ ತುಂಬಿದ ವರ್ಷ ಯಾರೂ ಈ ಲೆಕ್ಕ ಕೇಳುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕಾವೇರಿಗಾಗಿ ಮಂಡ್ಯ ಬಂದ್ ಮಾಡಿ ರಸ್ತೆಯಲ್ಲಿ ಕೂತಿದ್ದೆವಲ್ಲ, ಆಗ ಕೇಳಬೇಕಿತ್ತು. ಕಬ್ಬಿನ ತರಗು, ಭತ್ತದ ಹುಲ್ಲಿನಿಂದಲೂ ಎಥನಾಲ್ ಮಾಡಬಹುದು. ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನವರು 2022ರಲ್ಲಿ ಅಂಥದ್ದೊಂದು ಘಟಕ ಶುರು ಮಾಡಿದ್ದಾರೆ, ವರ್ಷಕ್ಕೆ ಎರಡು ಲಕ್ಷ ಟನ್ ಹುಲ್ಲಿನಿಂದ ಮೂರು ಕೋಟಿ ಲೀಟರ್ ಮಾಡುವ ಗುರಿ. ಖರ್ಚು ಜಾಸ್ತಿ, ತಂತ್ರಜ್ಞಾನ ಕಷ್ಟ. ಆದರೆ ಗದ್ದೆಗೆ ಹೊಸದಾಗಿ ಒಂದು ಹನಿ ನೀರೂ ಕೇಳದ ಎಥನಾಲ್ ಅದು. ನಮ್ಮಲ್ಲಿ ಕಟಾವಾದ ಮೇಲೆ ತರಗಿಗೆ ಬೆಂಕಿ ಹಾಕುತ್ತಾರೆ, ಸಂಜೆ ಹೊತ್ತು ಊರೆಲ್ಲಾ ಹೊಗೆ. ಆ ತರಗಿಗೆ ಬೆಲೆ ಕೊಡುವ ಘಟಕ ಮಂಡ್ಯದಲ್ಲಿ ಮಾಡಿದರೆ ನಾನೇ ಮೊದಲ ಗಾಡಿ ಲೋಡ್ ತಂದು ಹಾಕುತ್ತೇನೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಪ್ರತಿ ಬಂಕ್‌ನಲ್ಲಿ, ಪ್ರತಿ ಪಂಪಿನ ಮೇಲೆ, ಕನ್ನಡದಲ್ಲಿ, ದೂರದಿಂದ ಕಾಣುವ ಹಾಗೆ ಎಥನಾಲ್ ನೂರಕ್ಕೆ ಎಷ್ಟು ಅಂತ ಬರೆಸಿ. ಅದರ ಪಕ್ಕದಲ್ಲೇ ಲೀಟರಿನ ಬೆಲೆಯಲ್ಲಿ ಕಚ್ಚಾ ತೈಲಕ್ಕೆ, ಎಥನಾಲ್‌ಗೆ, ಕಂಪನಿಗೆ, ಡೀಲರ್‌ಗೆ, ಕೇಂದ್ರಕ್ಕೆ, ರಾಜ್ಯಕ್ಕೆ ಎಷ್ಟೆಷ್ಟು ಅಂತ ಹಾಕಿ. ದೆಹಲಿ ಬೆಲೆಗೆ ಇಂಥ ವಿವರವನ್ನು ತೈಲ ಕಂಪನಿಯೇ ತನ್ನ ವೆಬ್‌ಸೈಟ್‌ನಲ್ಲಿ ಕೊಡುತ್ತದೆ, ಹಾಗಾಗಿ ಆಗದ ಕೆಲಸ ಅಲ್ಲ. ಅದರಲ್ಲಿ ಎಥನಾಲ್‌ದನ್ನು ಬೇರೆ ಮಾಡಿ, ಮಂಡ್ಯದ ಬೆಲೆಗೂ ಕೊಡಿ. ತಾಲ್ಲೂಕಿಗೆ ಒಂದು ಬಂಕ್‌ನಲ್ಲಾದರೂ ಇ10 ಸಿಗುವ ಹಾಗೆ ಮಾಡಿ, ಕನಿಷ್ಠ 2023ಕ್ಕೂ ಹಿಂದಿನ ಗಾಡಿಗಳು ರಸ್ತೆಯಲ್ಲಿ ಇರುವವರೆಗೆ. ಅದು ಆಗುವುದೇ ಇಲ್ಲ ಅಂದರೆ ಇ20 ಬೆಲೆಯನ್ನು ಮೈಲೇಜ್ ಇಳಿದಷ್ಟಾದರೂ ಇಳಿಸಿ. ಲೀಟರಿಗೆ ಮೂರು ರೂಪಾಯಿ ನಿಮಗೆ ಸಣ್ಣದು ಕಾಣಬಹುದು, ದಿನಾ ಮೈಸೂರಿಗೆ ಹೋಗಿಬರುವವನಿಗೆ ತಿಂಗಳ ಕೊನೆಯಲ್ಲಿ ಅದು ಒಂದು ದಿನಸಿ ಚೀಲ.

ಸಕ್ಕರೆ ಸಚಿವರಲ್ಲಿ ಒಂದು ಮಾತು. ವೇಬ್ರಿಡ್ಜ್ ಚೀಟಿಯಲ್ಲಿ ಇಳುವರಿ ಲೆಕ್ಕ ಬರಲಿ. ಸೀಸನ್ ಮುಗಿದಾಗ ಯಾವ ಕಾರ್ಖಾನೆ ಎಷ್ಟು ಕಬ್ಬು ಅರೆಯಿತು, ಎಷ್ಟು ಸಕ್ಕರೆ, ಎಷ್ಟು ಎಥನಾಲ್, ಎಷ್ಟು ಕರೆಂಟು ಮಾಡಿ ಮಾರಿತು, ಅದರಲ್ಲಿ ರೈತನ ಪಾಲು ಎಷ್ಟು ಅನ್ನುವುದನ್ನು ಕಾರ್ಖಾನೆ ಗೇಟಿನಲ್ಲಿ, ಗ್ರಾಮ ಪಂಚಾಯಿತಿ ಬೋರ್ಡಿನಲ್ಲಿ ಹಾಕಿಸಿ. ಮುಂದಿನ ವರ್ಷ ಎಥನಾಲ್‌ಗೆ ಎಷ್ಟು ಕಬ್ಬು ಬೇಕು ಅನ್ನುವುದನ್ನು ನಾಟಿಗೆ ಮುಂಚೆ ಹೇಳಿ. ಕಬ್ಬು ಗದ್ದೆಯಲ್ಲಿ ಎದೆಮಟ್ಟ ಬೆಳೆದ ಮೇಲೆ ಹೇಳಬೇಡಿ.

ಪೆಟ್ರೋಲಿಯಂ ಸಚಿವರೇ, ನಿಮ್ಮ ಕಡೆಯ ಅಧಿಕಾರಿಗಳು ಯಾರಾದರೂ ಈ ಕಡೆ ಬಂದರೆ ಗ್ಯಾರೇಜಿಗೆ ಬರಲಿ. ಅಳತೆ ಬಾಟಲಿ ಇಲ್ಲೇ ಇರುತ್ತದೆ. ಮಂಡ್ಯದ ಯಾವ ಬಂಕ್‌ನಿಂದ ಬೇಕಾದರೂ ಪೆಟ್ರೋಲ್ ತರಿಸಿ ಅವರ ಕೈಯಲ್ಲೇ ಕುಲುಕಿಸೋಣ. ಉತ್ತರವನ್ನು ಕನ್ನಡದಲ್ಲೇ ಕೊಡಿ, ಇಲ್ಲಿ ಓದುವವರು ತುಂಬಾ ಜನ ಇದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಮಂಡ್ಯದ ಒಬ್ಬ ಬೈಕ್ ಮೆಕ್ಯಾನಿಕ್, ಕಬ್ಬು ಬೆಳೆಗಾರರ ಮನೆಯವನು